ಮಂಗೋಲಿಯಕ್ಕೆ ಯಾವ ಕಾಲದಲ್ಲಿ ಹೋಗಬೇಕು?

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಕಾಲೇಜಿಗೆ ಬಂದಿದ್ದನು. ಮಂಗೋಲಿಯ ದೇಶದ ರಾಜಧಾನಿಯಾದ ಉಲಾನ್‌ಬಾತರಿಗೆ ಹೋಗಿ ಕೆಲವು ವಾರ ಇದ್ದು ಬರುವ ಅವಕಾಶ ಅವನಿಗೆ ಒದಗಿತ್ತು. ಯಾವ ತಿಂಗಳಲ್ಲಿ ಹೊರಡಬೇಕೆಂಬುದನ್ನು ಅವನ ಇಷ್ಟಕ್ಕೇ ಬಿಟ್ಟಿದ್ದರು. “ಅಲ್ಲಿಯ ವರ್ಷದ ಸರಾಸರಿ ಉಷ್ಣತೆ ಸುಮಾರು ಸೊನ್ನೆ ಡಿಗ್ರಿಯಂತೆ ಸಾರ್. ದಪ್ಪನೆಯ ಸ್ವೆಟರು, ಮೇಲೊಂದು ಕೋಟು ಇದ್ದರೆ ಯಾವಾಗ ಹೋದರೂ ಆದೀತಲ್ಲವೆ?” ಎಂದು ಕೇಳಿದನು. ಅವನ ಕೈಯಲ್ಲಿದ್ದ ಪ್ರವಾಸದ ಕೈಪಿಡಿ ಜುಲೈ ತಿಂಗಳೇ ಅತ್ಯುತ್ತಮವೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು, ಏಕೆಂದು ಹೇಳಿರಲಿಲ್ಲ.

ಅವನು ಭೌತಶಾಸ್ತ್ರವನ್ನು ಓದಿ ಒಳ್ಳೆಯ ತರಗತಿಯಲ್ಲಿ ತೇರ್ಗಡೆಯಾದವನು. ಆದುದರಿಂದ ಅವನ ಪ್ರಶ್ನೆ ನಮಗೇ ಸ್ವಲ್ಪ ನಾಚಿಕೆಯನ್ನುಂಟುಮಾಡಿತು. ಸರಾಸರಿಯನ್ನು ಕಂಡುಹಿಡಿಯುವ ಬಗೆಯನ್ನು ನಾವು ಅವನಿಗೆ ಕಲಿಸಿದ್ದೆವು. ಸರಾಸರಿಯು ಏನನ್ನು ಬಚ್ಚಿಡುತ್ತದೆ ಎಂಬುದನ್ನು ಕಲಿಸಿರಲಿಲ್ಲ. ಹೊಳೆಯ ಆಳವನ್ನು ಅಲ್ಲಲ್ಲಿ ಅಳೆದು, ಸರಾಸರಿ ಮೊಣಕಾಲುದ್ದವೆಂದು ಲೆಕ್ಕಹಾಕಿ, ಹೆಂಡತಿ ಮಕ್ಕಳನ್ನು ನೀರಿಗಿಳಿಸಿದ ಶಾನುಭೋಗರ ಕಥೆಯನ್ನು ನಮ್ಮ ವಾಚಕರು ಕೇಳಿರಬಹುದು. ಶಾನುಭೋಗರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹೊಳೆಯನ್ನು ದಾಟುವವನು ಸರಾಸರಿ ಆಳದಲ್ಲಿ ನಡೆಯುವುದಿಲ್ಲ. ಆಯಾ ಹೆಜ್ಜೆಯ ಆಳದಲ್ಲಿ ನಡೆಯುತ್ತಾನೆ. ಅಂತೆಯೇ ದೇಶವನ್ನು ನೋಡಲು ಹೋಗುವವನೂ ವರ್ಷದ ಸರಾಸರಿಯಲ್ಲಿ ಇಳಿಯುವುದಿಲ್ಲ. ಒಂದಾನೊಂದು ದಿನದ ಒಂದಾನೊಂದು ಗಂಟೆಯಲ್ಲಿ ಇಳಿಯುತ್ತಾನೆ.

ಉಲಾನ್‌ಬಾತರಿನ ಸರಾಸರಿ ಸೊನ್ನೆಯ ಹತ್ತಿರವಿರುವುದು ನಿಜ. ಆದರೆ ಅದು ಹೇಗೆ ಬಂದಿತು? ಜನವರಿಯ ಸರಾಸರಿ ಸೊನ್ನೆಗಿಂತ ೨೦ ಡಿಗ್ರಿಗೂ ಹೆಚ್ಚು ಕೆಳಗೆ; ಜುಲೈಯದು ಸೊನ್ನೆಗಿಂತ ಸುಮಾರು ೧೭, ೧೮ ಡಿಗ್ರಿ ಮೇಲೆ. ಎರಡರ ನಡುವಣ ಅಂತರ ೪೦ ಡಿಗ್ರಿಗೆ ಸಮೀಪ. ನಮ್ಮ ಮಂಗಳೂರಿನಲ್ಲಿ ಅತಿ ಬೆಚ್ಚನೆಯ ತಿಂಗಳಿಗೂ ಅತಿ ತಂಪಾದ ತಿಂಗಳಿಗೂ ಸರಾಸರಿಯಲ್ಲಿ ನಾಲ್ಕೈದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಮಂಗಳೂರಿನವನು “ನಮ್ಮ ಊರಿನ ಸರಾಸರಿ ಇಷ್ಟು” ಎಂದರೆ ಆ ಮಾತಿಗೆ ಅರ್ಥವುಂಟು. ಉಲಾನ್‌ಬಾತರಿನವನು ಹಾಗೆಂದರೆ, ವರ್ಷದಲ್ಲಿ ಕೆಲವೇ ವಾರ ಕಾಣಸಿಗುವ ಹವೆಯನ್ನು ಹೆಸರಿಸಿದಂತಾಯಿತು.

ವಿಪರೀತ ಹವೆಯ ದೇಶಕ್ಕೆ ಹೋಗಲು ಒಳ್ಳೆಯ ಕಾಲ ಯಾವುದೆಂಬುದು ಒಂದು ಸಂಖ್ಯೆಯಿಂದಲಾಗಲಿ ಕೈಪಿಡಿಯ ಒಂದು ಸಾಲಿನಿಂದಲಾಗಲಿ ತೀರ್ಮಾನವಾಗತಕ್ಕದ್ದಲ್ಲ. ಆ ದೇಶದ ಹವೆ ಹಾಗಿರಲು ಕಾರಣವೇನು, ನಾವು ಏತಕ್ಕಾಗಿ ಹೋಗುತ್ತೇವೆ, ನಮ್ಮನ್ನು ಬರಮಾಡಿಕೊಳ್ಳುವ ಜನರ ಪಾಡು ಆ ತಿಂಗಳಿನಲ್ಲಿ ಹೇಗಿರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಂಡ ಬಳಿಕವೇ ತಿಂಗಳನ್ನು ಆರಿಸಬೇಕು. ಇದು ನಮ್ಮ ಅಭಿಪ್ರಾಯ. ಮಂಗೋಲಿಯವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿವರಿಸಲು ಯತ್ನಿಸುತ್ತೇವೆ.

ಮೊದಲು ಕಾರಣವನ್ನು ನೋಡೋಣ. ಉಲಾನ್‌ಬಾತರ್ ಉತ್ತರ ಅಕ್ಷಾಂಶ ಸುಮಾರು ೪೮ ಡಿಗ್ರಿಯಲ್ಲಿದೆ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ನಡುಹಗಲಿನ ಸೂರ್ಯನು ದಿಗಂತದಿಂದ ೧೯ ಡಿಗ್ರಿಗಿಂತ ಮೇಲೇರುವುದಿಲ್ಲ. ಹಗಲು ಎಂಟು ಗಂಟೆಗಿಂತ ಸ್ವಲ್ಪ ಹೆಚ್ಚು. ಜೂನ್ ಕೊನೆಯಲ್ಲಿ ಸೂರ್ಯನು ೬೫ ಡಿಗ್ರಿಯವರೆಗೆ ಏರುತ್ತಾನೆ; ಹಗಲು ೧೬ ಗಂಟೆ. ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲದ ಮೇಲೆ ಹರಡಿಹೋಗುವುದರಿಂದ, ನಡುಹಗಲಿನಲ್ಲಿ ಕೂಡ ಚಳಿಗಾಲದ ನೆಲಕ್ಕೆ ದೊರೆಯುವ ಬಿಸಿಲು ಬೇಸಗೆಯದರ ಮೂರನೆಯ ಒಂದು ಪಾಲಿಗಿಂತ ಹೆಚ್ಚಲ್ಲ.

ಇಷ್ಟರಿಂದಲೇ ಎಲ್ಲವೂ ತಿಳಿಯಿತೆಂದು ವಿದ್ಯಾರ್ಥಿಗಳು ಭಾವಿಸಬಾರದು. ಪ್ಯಾರಿಸ್ ನಗರವು ಉಲಾನ್‌ಬಾತರಿಗಿಂತಲೂ ಸ್ವಲ್ಪ ಉತ್ತರಕ್ಕೇ ಇದೆ. ಎರಡು ನಗರಗಳಿಗೂ ದೊರೆಯುವ ಸೂರ್ಯ ಹೆಚ್ಚುಕಡಮೆ ಒಬ್ಬನೇ. ಆದರೂ ಜನವರಿಯಲ್ಲಿ ಪ್ಯಾರಿಸಿನ ಸರಾಸರಿ ಉಷ್ಣತೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲಿರುತ್ತದೆ. ಒಂದೇ ಸೂರ್ಯನ ಕೆಳಗೆ ೨೫ ಡಿಗ್ರಿಯ ವ್ಯತ್ಯಾಸ ಎಲ್ಲಿಂದ ಬಂದಿತು? ಉಲಾನ್‌ಬಾತರ್ ಸಮುದ್ರಮಟ್ಟದಿಂದ ಸುಮಾರು ೧,೩೦೦ ಮೀಟರ್ ಎತ್ತರದಲ್ಲಿರುವುದು ಒಂದು ಸಣ್ಣ ಕಾರಣ. ದೊಡ್ಡ ಕಾರಣವೆಂದರೆ ಸಮುದ್ರ.

ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖದಲ್ಲಿ ಒಣಮಣ್ಣನ್ನು ಐದು ಡಿಗ್ರಿಯಷ್ಟು ಬಿಸಿಮಾಡಬಹುದು. ಅದೂ ಅಲ್ಲದೆ ಸಮುದ್ರದ ನೀರು ಕಲಕಾಡುತ್ತಾ ಬೇಸಗೆಯ ಶಾಖವನ್ನು ಹತ್ತಾರು ಮೀಟರ್ ಆಳದವರೆಗೆ ಒಯ್ದು ಕೂಡಿಡುತ್ತದೆ. ಮಣ್ಣು ಕಲಕಾಡುವುದಿಲ್ಲ, ವರ್ಷದ ಬಿಸಿಯೂ ಚಳಿಯೂ ಅದರ ಮೇಲಿನ ಕೆಲವು ಮೀಟರುಗಳಲ್ಲಿಯೇ ತಂಗುತ್ತವೆ. ಸಮುದ್ರವು ಕಣಜ ತುಂಬಿಸಿಕೊಂಡ ಒಕ್ಕಲಿಗನಂತೆ. ಒಣನೆಲವು ಅಂದಿನ ಕೂಲಿಯನ್ನು ಅಂದೇ ಉಣ್ಣುವವನಂತೆ. ಪ್ಯಾರಿಸಿಗೆ ಪಡುವಣ ಗಾಳಿಯು ಅಟ್ಲಾಂಟಿಕ್ ಸಾಗರದ ಕಣಜದಿಂದ ಶಾಖವನ್ನು ತರುತ್ತದೆ. ಮಂಗೋಲಿಯಕ್ಕೆ ಸಮುದ್ರತೀರವೇ ಇಲ್ಲ. ರಾಜಧಾನಿಯಿಂದ ಅತಿ ಸಮೀಪದ ಸಮುದ್ರವು ಆಗ್ನೇಯ ದಿಕ್ಕಿನಲ್ಲಿ ಸಾವಿರ ಕಿಲೊಮೀಟರಿಗೂ ದೂರದಲ್ಲಿದೆ. ಗಾಳಿಯು ಬೀಸುವುದಾದರೋ ಬಹುಮಟ್ಟಿಗೆ ಪಡುವಣದ ಒಣನೆಲದಿಂದ.

ಇದರ ಜೊತೆಗೆ ತಿಳಿಯಾದ ಆಕಾಶವೂ ಸೇರಿದೆ. ಮಂಗೋಲಿಯರು ತಮ್ಮ ನಾಡನ್ನು ನೀಲಿ ಬಾನಿನ ನಾಡೆಂದು ಹೆಮ್ಮೆಯಿಂದ ಕರೆಯುತ್ತಾರೆ. ಮೋಡವಿಲ್ಲದ ರಾತ್ರಿ ನೆಲದ ಶಾಖವು ವಿಕಿರಣದಿಂದ ಬಾಹ್ಯಾಕಾಶಕ್ಕೆ ಸೋರಿಹೋಗುತ್ತದೆ. ಮೋಡವೂ ನೀರಾವಿಯೂ ಕಂಬಳಿಯಿದ್ದಂತೆ. ಕಂಬಳಿಯಿಲ್ಲದ ಕಡೆ ಹಗಲಿಗೂ ಇರುಳಿಗೂ ಬಹಳ ಅಂತರ. ಬೇಸಗೆಯಲ್ಲಿ ಕೂಡ ಹಗಲು ಅಂಗಿಯಲ್ಲಿ ತಿರುಗಾಡಿದವನು ರಾತ್ರಿ ಉಣ್ಣೆಯ ಹೊದಿಕೆಯನ್ನು ಅರಸಬೇಕಾಗುತ್ತದೆ. ಆದಕಾರಣ ಮಂಗೋಲಿಯಕ್ಕೆ ಹೋಗುವವನಿಗೆ ನಮ್ಮ ಮೊದಲನೆಯ ಸಲಹೆ ಇದು: ಸರಾಸರಿಯನ್ನು ಕೇಳಬೇಡ, ಅಂತರವನ್ನು ಕೇಳು.

ಇನ್ನು ಕಾಲಗಳನ್ನು ಒಂದೊಂದಾಗಿ ನೋಡೋಣ.

ಚಳಿಗಾಲವು ನವೆಂಬರಿನಿಂದ ಮಾರ್ಚಿಯವರೆಗೆ. ತಣ್ಣಗಾದ ಗಾಳಿಯು ಸಾಂದ್ರವಾಗಿ ನೆಲದ ಮೇಲೆ ಕುಳಿತುಬಿಡುತ್ತದೆ. ಸೈಬೀರಿಯ ಮತ್ತು ಮಂಗೋಲಿಯಗಳ ಮೇಲೆ ಪ್ರಪಂಚದಲ್ಲಿಯೇ ಪ್ರಬಲವಾದ ಅಧಿಕ ಒತ್ತಡದ ಪ್ರದೇಶವು ಆಗ ನಿರ್ಮಾಣವಾಗುತ್ತದೆ. ಸಮುದ್ರಮಟ್ಟದಲ್ಲಿ ವಾಯುವಿನ ಸಾಮಾನ್ಯ ಒತ್ತಡ ೧,೦೧೩ ಮಿಲಿಬಾರುಗಳಷ್ಟೆ. ಮಂಗೋಲಿಯದ ತೊಸೊಂತ್ಸೆಂಗೆಲ್ ಎಂಬಲ್ಲಿ ೨೦೦೧ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ, ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕಹಾಕಿದಾಗ, ೧,೦೮೫ ಮಿಲಿಬಾರುಗಳಿಗೂ ಹೆಚ್ಚು ಒತ್ತಡ ದಾಖಲೆಯಾಯಿತು. ನಮ್ಮ ಉತ್ತರಕ್ಕೆ ಹಿಮಾಲಯವೆಂಬ ಗೋಡೆ ಇಲ್ಲದಿದ್ದರೆ ಈ ತಣ್ಣನೆಯ ಗಾಳಿಯು ಭರತಖಂಡದೊಳಕ್ಕೂ ನೇರವಾಗಿ ನುಗ್ಗುತ್ತಿದ್ದಿತು.

ಕೆಲವು ರಾತ್ರಿ ಉಷ್ಣತೆಯು ಸೊನ್ನೆಯ ಕೆಳಗೆ ೪೦ ಡಿಗ್ರಿಗೆ ಇಳಿಯುವುದುಂಟು. ಸೆಂಟಿಗ್ರೇಡ್ ಮಾನವೂ ಫ್ಯಾರನ್‌ಹೀಟ್ ಮಾನವೂ ಒಂದೇ ಅಂಕಿಯನ್ನು ತೋರಿಸುವ ಸ್ಥಾನ ಅದು. ಆದರೆ ನಮ್ಮ ಪ್ರಯೋಗಶಾಲೆಯ ಪಾದರಸದ ಉಷ್ಣಮಾಪಕದಿಂದ ಅದನ್ನು ಓದಲಾಗುವುದಿಲ್ಲ; ಪಾದರಸವೇ ಸುಮಾರು ೩೯ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಅಂತಹ ಕಡೆ ಆಲ್ಕೊಹಾಲ್ ತುಂಬಿದ ಮಾಪಕವೇ ಬೇಕು.

ಈ ಸಂಗತಿಯನ್ನು ಮಂಗೋಲಿಯದ ದನಗಾಹಿಗಳು ತಮ್ಮದೇ ರೀತಿಯಲ್ಲಿ ಬಲ್ಲರು. ಡಿಸೆಂಬರಿನ ಅಯನಸಂಕ್ರಾಂತಿಯಿಂದ ಮೊದಲುಮಾಡಿ ೮೧ ದಿನಗಳನ್ನು ಅವರು ಒಂಬತ್ತು ‘ಒಂಬತ್ತು’ಗಳಾಗಿ ಎಣಿಸುತ್ತಾರೆ. ಮೊದಲನೆಯ ಒಂಬತ್ತಿನಲ್ಲಿ ಹಾಲಿನಿಂದ ಬಟ್ಟಿಯಿಳಿಸಿದ ಮದ್ಯ ಹೆಪ್ಪುಗಟ್ಟುತ್ತದೆಂದೂ, ಎರಡನೆಯದರಲ್ಲಿ ಮತ್ತೆ ಬಟ್ಟಿಯಿಳಿಸಿದ ಕಟುಮದ್ಯವೇ ಹೆಪ್ಪುಗಟ್ಟುತ್ತದೆಂದೂ, ಮೂರನೆಯದರಲ್ಲಿ ಮೂರು ವರ್ಷದ ಎತ್ತಿನ ಕೊಂಬು ಮರಗಟ್ಟುತ್ತದೆಂದೂ ಹೇಳುತ್ತಾರೆ. ಐದನೆಯದಕ್ಕೆ ಬೇಯಿಸಿದ ಅನ್ನ ಹೆಪ್ಪುಗಟ್ಟದು. ಆರನೆಯದಕ್ಕೆ ಹಿಮದ ನಡುವೆ ದಾರಿ ಕಪ್ಪಗೆ ಕಾಣತೊಡಗುತ್ತದೆ. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆಗಳನ್ನು ನಕ್ಷತ್ರಗಳಿಂದ ಎಣಿಸುವುದು ವಾಚಕರ ನೆನಪಿಗೆ ಬರಬಹುದು. ಇದರಲ್ಲಿ ಭೌತಶಾಸ್ತ್ರವೂ ಅಡಗಿದೆ. ನೀರಿನಲ್ಲಿ ಮದ್ಯಸಾರ ಹೆಚ್ಚಿದಷ್ಟೂ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಮೊದಲು ಮೆದುಮದ್ಯ, ಬಳಿಕ ಕಟುಮದ್ಯ ಎಂಬ ಆ ಕ್ರಮವು ಗಾಜಿನ ನಳಿಗೆಯಿಲ್ಲದ ಒಂದು ಉಷ್ಣಮಾಪಕವೇ ಸರಿ.

ಚಳಿಗಾಲದಲ್ಲಿ ಉಲಾನ್‌ಬಾತರಿಗೆ ಇನ್ನೊಂದು ತೊಂದರೆಯಿದೆ. ನಗರವು ಬೆಟ್ಟಗಳ ನಡುವಣ ಕಣಿವೆಯಲ್ಲಿದೆ. ತಣ್ಣನೆಯ ಭಾರವಾದ ಗಾಳಿಯು ಕಣಿವೆಯ ತಳದಲ್ಲಿ ನಿಂತು, ಅದಕ್ಕಿಂತ ಬೆಚ್ಚನೆಯ ಗಾಳಿಯು ಮೇಲೆ ಮುಚ್ಚಳದಂತೆ ಕೂಡುತ್ತದೆ. ಸಾವಿರಾರು ಒಲೆಗಳ ಹೊಗೆ ಆ ಮುಚ್ಚಳವನ್ನು ದಾಟಲಾರದೆ ಬೀದಿಯಲ್ಲಿಯೇ ಉಳಿಯುತ್ತದೆ. ಕಚ್ಚಾ ಕಲ್ಲಿದ್ದಲನ್ನು ಮನೆಯ ಒಲೆಗಳಲ್ಲಿ ಸುಡುವುದನ್ನು ೨೦೧೯ರ ಮೇ ತಿಂಗಳಿನಿಂದ ಅಲ್ಲಿ ನಿಷೇಧಿಸಿ, ಸಂಸ್ಕರಿಸಿದ ಇದ್ದಲ ಗಟ್ಟಿಗಳನ್ನು ಬಳಕೆಗೆ ತಂದರು. ಆದರೂ ಹೊಗೆಯ ಪಿಡುಗು ಪೂರ್ತಿಯಾಗಿ ನೀಗಿಲ್ಲ. ಉಬ್ಬಸವುಳ್ಳವರು ಡಿಸೆಂಬರ್ ಜನವರಿಗಳಲ್ಲಿ ಆ ನಗರಕ್ಕೆ ಹೋಗದಿರುವುದೇ ಲೇಸು.

ಉಷ್ಣಮಾಪಕವನ್ನು ಮಾತ್ರ ನಂಬುವವನು ಏಪ್ರಿಲ್ ತಿಂಗಳನ್ನು ಜನವರಿಗಿಂತ ಎಷ್ಟೋ ಮೇಲೆಂದು ಭಾವಿಸುತ್ತಾನೆ. ಆಗ ಸರಾಸರಿ ಸೊನ್ನೆಯನ್ನು ದಾಟಿರುತ್ತದೆ. ಆದರೆ ನಮ್ಮ ಅಭಿಪ್ರಾಯದಲ್ಲಿ ನಾಲ್ಕು ಕಾಲಗಳಲ್ಲಿ ಪ್ರವಾಸಿಗೆ ಅತ್ಯಂತ ಅಯೋಗ್ಯವಾದುದು ವಸಂತವೇ. ‘ವಸಂತ’ವೆಂಬ ಮಾತನ್ನು ಕೇಳಿದೊಡನೆ ಮಾವಿನ ಚಿಗುರನ್ನೂ ಕೋಗಿಲೆಯನ್ನೂ ನೆನೆಯುವ ನಮಗೆ ಇದು ವಿಚಿತ್ರವಾಗಿ ತೋರೀತು. ಚಳಿಗಾಲದಲ್ಲಿ ಗಾಳಿಯು ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ; ವಸಂತದಲ್ಲಿ ಒತ್ತಡದ ವ್ಯವಸ್ಥೆ ಮುರಿದು ಬಿರುಗಾಳಿ ಏಳುತ್ತದೆ. ಗಾಳಿಯು ಮೈಗಂಟಿದ ಬೆಚ್ಚನೆಯ ಪದರವನ್ನು ಕಿತ್ತೊಯ್ಯುವುದರಿಂದ ಚಳಿ ಇಮ್ಮಡಿಯಾಗಿ ತೋರುತ್ತದೆ. ಸೊನ್ನೆಯ ಕೆಳಗೆ ೨೦ ಡಿಗ್ರಿಯಿರುವಾಗ ಗಂಟೆಗೆ ೩೦ ಕಿಲೊಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಮುಖಕ್ಕೆ ಅದು ೩೩ ಡಿಗ್ರಿ ಕೆಳಗಿನ ನಿಶ್ಚಲವಾದ ಚಳಿಗೆ ಸಮ. ಜೊತೆಗೆ ಗೋಬಿ ಮರುಭೂಮಿಯ ಧೂಳು. ೨೦೨೧ರ ಮಾರ್ಚ್ ನಡುವಿನಲ್ಲಿ ಎದ್ದ ಧೂಳುಬಿರುಗಾಳಿಯಲ್ಲಿ ಮಂಗೋಲಿಯದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಆ ಧೂಳು ದೂರದ ಬೀಜಿಂಗ್ ನಗರದ ಆಕಾಶವನ್ನು ಕಿತ್ತಳೆಬಣ್ಣಕ್ಕೆ ತಿರುಗಿಸಿತು.

ವಸಂತವನ್ನು ನಾವು ಬೇಡವೆನ್ನಲು ಇನ್ನೂ ದೊಡ್ಡ ಕಾರಣವಿದೆ. ಕರ್ನಾಟಕದ ಎಂಟರಷ್ಟು ವಿಸ್ತಾರವಾದ ಆ ದೇಶದಲ್ಲಿ ಜನರು ಸುಮಾರು ೩೫ ಲಕ್ಷ. ಕುರಿ, ಮೇಕೆ, ದನ, ಕುದುರೆ, ಒಂಟೆಗಳು ಐದು ಕೋಟಿಗಿಂತ ಹೆಚ್ಚು. ಚಳಿಗಾಲವನ್ನು ಅರೆಹೊಟ್ಟೆಯಲ್ಲಿ ಕಳೆದ ಪ್ರಾಣಿಗಳು ವಸಂತದ ವೇಳೆಗೆ ಎಲುಬಿನ ಗೂಡಾಗಿರುತ್ತವೆ. ಕುರಿಗಳು ಈಯುವುದೂ ಆಗಲೇ. ಬೇಸಗೆಯಲ್ಲಿ ಮಳೆ ಕೈಕೊಟ್ಟು, ಅದರ ಹಿಂದೆಯೇ ಕಠಿಣವಾದ ಚಳಿಗಾಲ ಬಂದರೆ ಅದನ್ನು ಅವರು ‘ಜುದ್’ ಎನ್ನುತ್ತಾರೆ. ಹಿಮವು ಆಳವಾಗಿ ಬಿದ್ದು ಹುಲ್ಲು ಹುಗಿದುಹೋದರೆ ಅದು ಬಿಳಿಯ ಜುದ್. ಬಿದ್ದ ಹಿಮ ಒಮ್ಮೆ ಕರಗಿ, ಮತ್ತೆ ಹೆಪ್ಪುಗಟ್ಟಿ, ಗೊರಸಿನಿಂದ ಒಡೆಯಲಾಗದ ಹಾಸಾದರೆ ಕಬ್ಬಿಣದ ಜುದ್. ಹಿಮವೇ ಬೀಳದೆ ಕುಡಿಯುವ ನೀರಿಗೆ ಗತಿಯಿಲ್ಲದಾದರೆ ಕರಿಯ ಜುದ್. ೨೦೦೯-೧೦ರ ಜುದ್‌ನಲ್ಲಿ ಸುಮಾರು ಒಂದು ಕೋಟಿ ಪ್ರಾಣಿಗಳೂ, ೨೦೨೩-೨೪ರದರಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳೂ ಸತ್ತವು. ಮಂದೆಯೇ ಆಸ್ತಿಯಾಗಿರುವ ಕುಟುಂಬಕ್ಕೆ ಇದು ನಮ್ಮ ರೈತನ ಬೆಳೆಯೂ ನೆಲವೂ ಒಟ್ಟಿಗೆ ಹೋದಂತೆ.

ಅಂತಹ ಮನೆಯ ಬಾಗಿಲಿಗೆ ಏಪ್ರಿಲಿನಲ್ಲಿ ಹೋಗಿ ನಿಲ್ಲುವ ಪ್ರವಾಸಿಯನ್ನು ಅವರು ಹೊರದೂಡುವುದಿಲ್ಲ. ಬಂದವನಿಗೆ ಬಿಸಿಯಾದ ಹಾಲಿನ ಚಹ ಕೊಡುವುದು ಅವರ ಧರ್ಮ. ಆದರೆ ಕೊಡುವವರು ಇದ್ದಾರೆಂದು ಪಡೆಯುವವರು ಕಾಲವನ್ನರಿಯದೆ ಹೋಗಬಹುದೆ? ಸುಗ್ಗಿಯ ಹೊತ್ತಿಗೆ ನೆಂಟರ ಮನೆಗೆ ಹೋಗಬಾರದೆಂದು ನಮ್ಮ ಹಿರಿಯರು ತಿಳಿದಿದ್ದರು. ಇದನ್ನು ಯಾವ ಕೈಪಿಡಿಯ ಕೋಷ್ಟಕವೂ ಹೇಳುವುದಿಲ್ಲ.

ಬೇಸಗೆಯ ವಿಷಯಕ್ಕೆ ಬರೋಣ. ಜುಲೈಯನ್ನು ಕೈಪಿಡಿಯು ಹೊಗಳುವುದು ಸುಳ್ಳಲ್ಲ. ಹುಲ್ಲುಗಾವಲು ಹಸುರಾಗಿರುತ್ತದೆ. ಜುಲೈ ೧೧ರಿಂದ ನಾದಾಮ್ ಎಂಬ ರಾಷ್ಟ್ರೀಯ ಉತ್ಸವ. ಕುಸ್ತಿ, ಬಿಲ್ಲುವಿದ್ಯೆ, ಕುದುರೆಯ ಓಟ ಇವೇ ಅದರ ಮೂರು ಅಂಗಗಳು. ೨೦೧೦ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆದರೆ ಕೈಪಿಡಿ ಹೇಳದ ಮಾತೊಂದುಂಟು. ಉಲಾನ್‌ಬಾತರಿಗೆ ವರ್ಷದಲ್ಲಿ ಬೀಳುವ ಮಳೆ ಬೆಂಗಳೂರಿನದರ ಮೂರನೆಯ ಒಂದು ಪಾಲಿಗಿಂತ ಕಡಮೆ. ಅದರಲ್ಲಿ ಬಹುಭಾಗವು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಬೀಳುತ್ತದೆ. ಹುಲ್ಲುಗಾವಲಿನ ಮಣ್ಣುದಾರಿಗಳು ಆಗ ಕೆಸರಾಗುತ್ತವೆ. ಗೋಬಿಯಲ್ಲಿ ನಡುಹಗಲಿನ ಉಷ್ಣತೆ ೪೦ ಡಿಗ್ರಿಯ ಸಮೀಪಕ್ಕೆ ಹೋಗುವುದೂ ಉಂಟು. ಉತ್ಸವವನ್ನು ನೋಡುವುದೇ ಉದ್ದೇಶವಾದರೆ ಜುಲೈಗೆ ಸಮನಾದುದಿಲ್ಲ. ಆದರೆ ಜುಲೈಯನ್ನು ಕಂಡು ಮಂಗೋಲಿಯವನ್ನೇ ಕಂಡೆನೆಂದು ಹೇಳಿಕೊಳ್ಳುವವನು, ಮದುವೆಯ ದಿನ ಮಾತ್ರ ಮನೆಯನ್ನು ನೋಡಿ ಆ ಮನೆಯವರ ಬಾಳನ್ನೆಲ್ಲ ತಿಳಿದೆನೆನ್ನುವವನಂತೆ.

ನಮ್ಮ ಆಯ್ಕೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಶರತ್ಕಾಲ. ಮಳೆ ಹಿಂದೆಗೆದಿರುತ್ತದೆ, ಗಾಳಿ ಒಣಗಿ ತಿಳಿಯಾಗಿರುತ್ತದೆ. ಹಗಲು ಹಿತವಾದ ಬಿಸಿಲು. ರಾತ್ರಿ ಉಷ್ಣತೆಯು ಸೊನ್ನೆಯ ಸಮೀಪಕ್ಕೆ ಇಳಿದು ಆ ದೇಶದ ನಿಜವಾದ ಸ್ವಭಾವವನ್ನು ಸ್ವಲ್ಪ ತೋರಿಸುತ್ತದೆ. ಮಂದೆಗಳು ಕೊಬ್ಬಿರುತ್ತವೆ, ಹಾಲು ಸಮೃದ್ಧಿ. ಮನೆಯವರಿಗೆ ಅತಿಥಿಯು ಭಾರವೆನಿಸುವುದಿಲ್ಲ. ಮುಂಬರುವ ಚಳಿಗೆ ಅವರು ಸಿದ್ಧರಾಗುವುದನ್ನೂ ನೋಡಬಹುದು. ಗೆರ್ ಎಂಬ ಅವರ ದುಂಡನೆಯ ಡೇರೆಯ ಗೋಡೆಯು ಉಣ್ಣೆಯ ನಮದೆಯದು. ನಮದೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖವನ್ನು ತಡೆಯುವ ಗೋಡೆ. ದುಂಡಾದ ಆಕಾರದಿಂದ ಶಾಖ ಸೋರುವ ಮೈ ಕಡಮೆ. ಬಾಗಿಲು ಬಿಸಿಲು ಬೀಳುವ ದಕ್ಷಿಣಕ್ಕೆ. ಚಳಿಗಾಲದ ಬೀಡನ್ನು ಅವರು ತಂಗಾಳಿ ಮಡುಗಟ್ಟುವ ಕಣಿವೆಯ ತಳದಲ್ಲಿ ಹೂಡುವುದಿಲ್ಲ. ಗಾಳಿಗೆ ಮರೆಯಾದ, ಬಿಸಿಲಿಗೆ ಎದುರಾದ ಬೆಟ್ಟದ ಇಳಿಜಾರಿನಲ್ಲಿ ಹೂಡುತ್ತಾರೆ.

ಆದರೂ ಈ ಆಯ್ಕೆ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವುದೆಂದು ನಾವು ಹೇಳಲಾರೆವು. ಚಳಿಯ ಭೌತಶಾಸ್ತ್ರವನ್ನೇ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಜನವರಿಗಿಂತ ಒಳ್ಳೆಯ ಗುರುವಿಲ್ಲ. ಆದರೆ ತಕ್ಕ ಉಡುಪು, ಬಲ್ಲವರ ಜೊತೆ, ಬೆಚ್ಚನೆಯ ಆಶ್ರಯ ಈ ಮೂರೂ ಮುಂಚೆಯೇ ಸಿದ್ಧವಿರಬೇಕು. ಇನ್ನೊಂದು ಸಂಗತಿ: ೧೯೪೦ರಿಂದ ಈಚೆಗೆ ಮಂಗೋಲಿಯದ ಸರಾಸರಿ ಉಷ್ಣತೆ ಎರಡು ಡಿಗ್ರಿಗಿಂತಲೂ ಹೆಚ್ಚು ಏರಿದೆ. ಹಳೆಯ ಕೋಷ್ಟಕಗಳ ತಿಂಗಳುಗಳು ಹಿಂದಿನಂತೆಯೇ ನಡೆದುಕೊಳ್ಳುವುವೆಂದು ನಂಬಿ ಕೂಡುವಂತಿಲ್ಲ.

ಕಾಲವನ್ನು ಆರಿಸುವ ವಿದ್ಯೆಯಲ್ಲಿ ನಮಗಿಂತ ನಿಪುಣರಾದ ಯಾತ್ರಿಕರು ನಮ್ಮ ನಾಡಿಗೇ ಬರುತ್ತಾರೆ. ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ ಮುಂತಾದ ಮಧ್ಯ ಏಷ್ಯದ ಸರೋವರಗಳ ಬಳಿ ಬೇಸಗೆಯಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿಯೂ ಮೈಸೂರು ಸೀಮೆಯ ಕೆರೆಗಳಲ್ಲಿಯೂ ಚಳಿಗಾಲವನ್ನು ಕಳೆಯುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳನ್ನು ಇಲ್ಲಿ ಕಂಡವರಿದ್ದಾರೆ. ಅವು ಸರಾಸರಿಯನ್ನು ನೋಡಿ ಹೊರಡುವುದಿಲ್ಲ. ಮರಿಗೆ ಮೇವು ಎಲ್ಲಿ, ಹೆಪ್ಪುಗಟ್ಟದ ನೀರು ಎಲ್ಲಿ ಎಂಬ ಉದ್ದೇಶವೇ ಅವುಗಳ ಪಂಚಾಂಗ.

ಇದನ್ನೆಲ್ಲ ಕೇಳಿದ ನಮ್ಮ ವಿದ್ಯಾರ್ಥಿಯು ಸೆಪ್ಟೆಂಬರ್ ಮೊದಲ ವಾರಕ್ಕೆ ಹೊರಡುವುದೆಂದು ನಿಶ್ಚಯಿಸಿದನು. ಹೋಗುವಾಗ, “ಸಾರ್, ಇದನ್ನೆಲ್ಲ ತರಗತಿಯಲ್ಲಿಯೇ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು” ಎಂದನು. ಆ ಮಾತು ನ್ಯಾಯವಾದುದೇ. ಆದುದರಿಂದಲೇ ಈ ಲೇಖನ. ವಾಚಕರಾದ ವಿದ್ಯಾರ್ಥಿಗಳು ಮಂಗೋಲಿಯಕ್ಕೆ ಹೋಗದಿದ್ದರೂ ಚಿಂತೆಯಿಲ್ಲ. ತಮ್ಮ ತಮ್ಮ ಊರಿನ ಹನ್ನೆರಡು ತಿಂಗಳುಗಳ ಗರಿಷ್ಠ, ಕನಿಷ್ಠ ಉಷ್ಣತೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಸರಾಸರಿಯನ್ನು ಒಂದು ಬದಿಗೂ ಅಂತರವನ್ನು ಇನ್ನೊಂದು ಬದಿಗೂ ಗುರುತು ಹಾಕಲಿ. ಕಲಬುರಗಿಯವರೂ ಮಂಗಳೂರಿನವರೂ ಆ ಹಾಳೆಗಳನ್ನು ಪರಸ್ಪರ ಬದಲಾಯಿಸಿಕೊಂಡು ನೋಡಿದರೆ, ಸಮುದ್ರವು ಏನು ಮಾಡುತ್ತದೆಂಬುದು ನಮ್ಮ ಉಪನ್ಯಾಸಕ್ಕಿಂತ ಚೆನ್ನಾಗಿ ಅವರಿಗೆ ಮನದಟ್ಟಾಗುವುದು.